ನಮ್ಮ ಮನೆಯ ಮೂರನೇ ತಲೆ

ಸೋಮವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ.

ಅಡುಗೆಮನೆಯ ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ನನ್ನ ಗಂಡ ಮಹೇಶ್ ಹಿಡಿಯಬೇಕಾದ ಬಸ್ಸು ಏಳಕ್ಕೆ ಐದು ನಿಮಿಷವಿರುವಾಗ ಬರುತ್ತಿತ್ತು. ಅವರು ಕನ್ನಡಿಯ ಮುಂದೆ ನಿಂತು ಅಂಗಿಯ ಕತ್ತಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಹಾಕಿಕೊಳ್ಳುತ್ತಲೇ ಇದ್ದರು. ನಾನು ಡಬ್ಬಿಗೆ ಚಿತ್ರಾನ್ನ ತುಂಬಿ, ಮುಚ್ಚಳ ಒತ್ತಿ, ತಿರುಗಿ ನೋಡಿದಾಗಲೂ ಅದೇ ಗುಂಡಿ.

"ಸುಮಾ, ಇದೊಂದು ಹಾಕು. ಬೆರಳೆಲ್ಲಾ ಜುಮ್ ಅಂತಿದೆ."

ಹಾಕಿದೆ. "ಚಳಿಗಿರ್ಬೇಕು ರೀ" ಅಂದೆ. ಅಕ್ಟೋಬರ್ ತಿಂಗಳು. ಮಾರ್ಕ್ ಹೋಗಿ ಯೂರೋ ಬಂದ ವರ್ಷ. ಸಾಫ್ಟ್‌ವೇರ್‌ನವರಿಗೆ ಜರ್ಮನಿ ಕೊಡುವ ಗ್ರೀನ್ ಕಾರ್ಡ್ ಮೇಲೆ ಬೊಬ್ಲಿಂಗೆನ್ ಹತ್ತಿರದ ಈ ಸಣ್ಣ ಊರಿಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಅವರಿಗೆ ಮೂವತ್ತೊಂದು ವರ್ಷ. ಮೂವತ್ತೊಂದರ ಗಂಡಸಿಗೆ ಬೆರಳು ಜುಮ್ ಎಂದರೆ ಯಾರು ಹೆದರುತ್ತಾರೆ?

ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಎರಡು ಸಲ ಕೂತರು. ಮಂಗಳವಾರ ಬೆಳಿಗ್ಗೆ ಹತ್ತಿರದ ಡಾಕ್ಟರ ಬಳಿ ಹೋದೆವು. ಹಿಂದಿನ ವಾರ ಹೊಟ್ಟೆ ಕೆಟ್ಟಿತ್ತು ಎಂದು ಹೇಳಿದೆವು. ಕಾಲು ಸೋಲುತ್ತಿದೆ ಎಂದೆವು. ಅವರು ಮಂಡಿಗೆ ಸುತ್ತಿಗೆ ತಟ್ಟಿ ನೋಡಲಿಲ್ಲ. ಕಂಪ್ಯೂಟರ್ ಮುಂದೆ ತುಂಬಾ ಹೊತ್ತು ಕೂರುತ್ತೀರಿ ಎಂದು ಬೆನ್ನಿಗೆ ಹಚ್ಚುವ ಮುಲಾಮು ಬರೆದುಕೊಟ್ಟರು. ಸುತ್ತಿಗೆ ಮೇಜಿನ ಮೇಲೆಯೇ ಇತ್ತು. ಅದರ ಕೆಂಪು ರಬ್ಬರಿನ ತಲೆ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅಂದು ಸಂಜೆ ಮಹೇಶ್‌ಗೆ ಸೋಫಾದಿಂದ ಏಳಲಾಗಲಿಲ್ಲ. ಸಾರು ಕುಡಿಸಿದೆ. ಮೂಗಿನಿಂದ ಹೊರಗೆ ಬಂತು.

"ಬಿಡು ಸುಮಾ. ಒಂದು ನಿದ್ದೆ ಹೊಡೆದ್ರೆ ಎಲ್ಲಾ ಸರಿಹೋಗುತ್ತೆ."

ನಾನು ಹಾಸಿಗೆ ಸರಿಮಾಡಲು ಹೋದೆ. ಇದನ್ನು ಇದುವರೆಗೆ ಯಾರ ಮುಂದೆಯೂ ಹೇಳಿಲ್ಲ. ಅವರು ಹೇಳಿದಂತೆ ಮಲಗಿಸಲು ನಾನು ಸಿದ್ಧಳಾಗಿದ್ದೆ. ದಿಂಬನ್ನೂ ಕೊಡವಿದ್ದೆ.

ಅಷ್ಟರಲ್ಲಿ ಪ್ರಶಾಂತ ಬಂದ. ಅವರ ಜತೆ ಕೆಲಸ ಮಾಡುವ ಮೈಸೂರಿನವನು, ಮದುವೆಯಾಗಿಲ್ಲ, ವಾರಕ್ಕೆರಡು ಸಲವಾದರೂ ನಮ್ಮನೆಯ ಹುಳಿ ಅನ್ನಕ್ಕೆ ಹಾಜರು. "ಏನ್ ಗುರು, ಒಬ್ನೇ ಎಣ್ಣೆ ಹಾಕಿದೀಯಾ? ಮಾತು ತೊದಲ್ತಾ ಇದೆ" ಎಂದು ಬಾಗಿಲಲ್ಲೇ ನಕ್ಕ. ನಗು ಅರ್ಧಕ್ಕೆ ನಿಂತಿತು. ಹತ್ತಿರ ಹೋಗಿ ಅವರ ಕೈ ಎತ್ತಿ ಬಿಟ್ಟ. ಕೈ ಒದ್ದೆ ಬಟ್ಟೆಯ ಹಾಗೆ ಬಿತ್ತು. ಆಂಬುಲೆನ್ಸ್ ಕರೆದವನು ಅವನೇ. ನಾನು ಇನ್ನೂ ದಿಂಬು ಹಿಡಿದು ನಿಂತಿದ್ದೆ.

ಆಸ್ಪತ್ರೆಯಲ್ಲಿ ನ್ಯೂರಾಲಜಿಸ್ಟ್ ಮೊದಲು ಮಾಡಿದ ಕೆಲಸವೇ ಸುತ್ತಿಗೆ ತಟ್ಟಿದ್ದು. ಎರಡೂ ಮಂಡಿ ಅಲುಗಲಿಲ್ಲ. ಬೆನ್ನಿನಿಂದ ನೀರು ತೆಗೆದರು. ಬಂದ ಹೆಸರು ಗಿಲಾನ್ ಬಾರೆ ಸಿಂಡ್ರೋಮ್. ಹೊಟ್ಟೆಯ ಸೋಂಕಿನ ಜತೆ ಹೋರಾಡಲು ಎದ್ದ ದೇಹ, ತನ್ನದೇ ನರಗಳನ್ನು ಶತ್ರು ಎಂದು ತಿಳಿದು ಅವುಗಳ ಹೊದಿಕೆಯನ್ನು ಕಿತ್ತುಹಾಕುತ್ತಿದೆ, ಕಾಲಿನಿಂದ ಶುರುವಾಗಿ ಮೇಲೆ ಹತ್ತುತ್ತದೆ, ಎದೆಗೆ ಬಂದಾಗ ಉಸಿರಾಟಕ್ಕೆ ಕೈ ಹಾಕುತ್ತದೆ ಎಂದು ಡಾಕ್ಟರಮ್ಮ ನಿಧಾನವಾಗಿ ಇಂಗ್ಲಿಷಿನಲ್ಲಿ ವಿವರಿಸಿದರು.

"ಇವತ್ತು ಮನೆಯಲ್ಲೇ ಮಲಗಿಸಿದ್ದರೆ?" ಎಂದು ಕೇಳಿದೆ. ಕೇಳಬಾರದಿತ್ತು.

"ಬೆಳಿಗ್ಗೆ ಏಳುತ್ತಿದ್ದರು ಎಂದು ನಾನು ಹೇಳಲಾರೆ."

ಅವತ್ತಿನಿಂದ ನನಗೆ ನಿದ್ದೆ ಎಂದರೆ ಭಯ.

ಮೂರನೇ ದಿನ ಐಸಿಯು, ವೆಂಟಿಲೇಟರ್. ಹದಿನೇಳು ದಿನ. ಕಣ್ಣು ಬಿಟ್ಟರೆ ಬೇರೇನೂ ಅಲುಗುತ್ತಿರಲಿಲ್ಲ. ಬುದ್ಧಿ ಪೂರ್ತಿ ಎಚ್ಚರ. ನಾನು ದೊಡ್ಡ ಹಾಳೆಯಲ್ಲಿ ವರ್ಣಮಾಲೆ ಬರೆದು ಅವರ ಮುಂದೆ ಹಿಡಿದೆ. ಅಕ್ಷರ ತೋರಿಸುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಅವರು ರೆಪ್ಪೆ ಮುಚ್ಚುವುದು. ನರ್ಸ್ ಹುಬ್ಬೇರಿಸಿ ನೋಡಿದಳು, ಅವಳ ಕೈಯಲ್ಲಿದ್ದ ಹಾಳೆಯಲ್ಲಿ ಇಪ್ಪತ್ತಾರೇ ಅಕ್ಷರ. ನಮ್ಮದು ಮುಗಿಯುವ ಹೊತ್ತಿಗೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಮೊದಲ ದಿನ ಮಾತ್ರ ಅಷ್ಟು ದೂರ ಹೋಗಬೇಕಾಗಲಿಲ್ಲ. 'ಅ' ತೋರಿಸಿದ ಕೂಡಲೇ ರೆಪ್ಪೆ ಮುಚ್ಚಿತು. ಆಮೇಲೆ 'ಣ'. ಮತ್ತೆ 'ಣ'.

ಅಣ್ಣ.

ಅರಸೀಕೆರೆಯಲ್ಲಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾದ ಗಂಗಾಧರಪ್ಪ, ನನ್ನ ಭಾವ. ಮಾವ ತೀರಿಕೊಂಡಾಗ ಮಹೇಶ್‌ಗೆ ಆರು ವರ್ಷ, ಭಾವನಿಗೆ ಇಪ್ಪತ್ತೈದು. ತಮ್ಮನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವರು, ಇಂಜಿನಿಯರಿಂಗ್ ಓದಿಸಿದವರು ಅವರೇ. ನಮ್ಮ ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತು ನನ್ನನ್ನು ಮನೆ ತುಂಬಿಸಿಕೊಂಡವರೂ ಅವರೇ. ಫೋನಿನಲ್ಲಿ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಪಾಸ್‌ಪೋರ್ಟ್ ಎಷ್ಟು ದಿನಕ್ಕೆ ಕೊಡ್ತಾರಮ್ಮ?"

ವೆಂಟಿಲೇಟರ್ ತೆಗೆದರು. ಅಲ್ಲಿಂದ ರಿಹ್ಯಾಬ್ ಆಸ್ಪತ್ರೆ. ಒಟ್ಟು ಹದಿನಾಲ್ಕು ವಾರವಾದ ಮೇಲೆ ಇನ್ಶೂರೆನ್ಸ್‌ನವರು ಸುಧಾರಣೆ ತೀರಾ ನಿಧಾನ, ಉಳಿದದ್ದು ಮನೆಯಲ್ಲೇ ಆಗಲಿ ಎಂದು ಬರೆದು ಕಳಿಸಿಬಿಟ್ಟರು. ಮಹೇಶ್ ಆಗ ಕೂರಿಸಿದರೆ ಕೂರುತ್ತಿದ್ದರು. ಚಮಚ ಹಿಡಿಯುತ್ತಿರಲಿಲ್ಲ. ಮಲಗಿದರೆ ಮಲಗಿಸಿದ ಹಾಗೇ, ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ ಎಂದು ಹೇಳಿ ಕಳಿಸಿದ್ದರು. ನನ್ನ ತೂಕ ನಲವತ್ತೆಂಟು ಕಿಲೋ. ಮನೆ ಎರಡನೇ ಮಹಡಿ. ಲಿಫ್ಟ್ ಇಲ್ಲ.

ಮನೆಯಲ್ಲಿ ಆರೈಕೆಗೆ ಈ ದೇಶದಲ್ಲಿ ಬೇರೆಯದೇ ವಿಮೆ ಇದೆ. ಪ್ರತಿ ತಿಂಗಳೂ ಮಹೇಶ್ ಸಂಬಳದಿಂದ ಅದಕ್ಕೆ ಹಣ ಮುರಿಯುತ್ತಿದ್ದರು. ಅರ್ಜಿ ಹಾಕಿದೆ. ಐದು ವರ್ಷ ವಿಮೆಯಲ್ಲಿ ಇದ್ದಿರಬೇಕು, ನೀವು ಒಂದೂವರೆ ವರ್ಷವೂ ಇಲ್ಲ ಎಂದು ಉತ್ತರ ಬಂತು. ನಮ್ಮ ಗ್ರೀನ್ ಕಾರ್ಡ್ ಇರುವುದೇ ಹೆಚ್ಚೆಂದರೆ ಐದು ವರ್ಷಕ್ಕೆ. ಆ ಕಾಗದ ಓದಿ ನಾನು ಅಡುಗೆಮನೆಯಲ್ಲಿ ಬಟಾಣಿ ಡಬ್ಬಿ ನೆಲಕ್ಕೆ ಅಪ್ಪಳಿಸಿದೆ. ಪ್ರಶಾಂತ ಕಾಳು ಆರಿಸುತ್ತಾ, "ಲೆಕ್ಕ ಪರ್ಫೆಕ್ಟಾಗಿದೆ ಬಿಡಿ ಅತ್ತಿಗೆ. ಐದು ವರ್ಷ ದುಡ್ಡು ಕಟ್ಬೇಕು, ವಾಪಸ್ ಹೋಗೋ ಫ್ಲೈಟ್ ಹತ್ತೋವಾಗ ಕಾಯಿಲೆ ಬೀಳ್ಬೇಕು. ನಮ್ ಗುರು ಡೆಡ್‌ಲೈನ್‌ಗಿಂತ ಮುಂಚೆ ಬಿದ್ಬಿಟ್ಟ" ಅಂದ. ಸೋಫಾದಲ್ಲಿ ಒರಗಿಸಿದ್ದ ಮಹೇಶ್ ನಕ್ಕರು. ಮುಖದ ಅರ್ಧ ಭಾಗ ಮಾತ್ರ ನಕ್ಕಿತು.

ಮಹೇಶ್ ಮನೆಗೆ ಬಂದ ವಾರವೇ, ಜನವರಿಯ ಮಧ್ಯದಲ್ಲಿ, ಭಾವ ಬಂದಿಳಿದರು. ಮೂರು ತಿಂಗಳ ವೀಸಾ. ಸ್ಕೂಲಿಗೆ ಸಂಬಳವಿಲ್ಲದ ರಜೆ ಬರೆದುಕೊಟ್ಟು ಬಂದಿದ್ದರು. ತಂದದ್ದು ಒಂದು ಸ್ವೆಟರ್, ಚಟ್ನಿಪುಡಿ, ಹರಳೆಣ್ಣೆ, ಸ್ಕೂಲಿನ ಹಾಜರಿ ಪುಸ್ತಕದಂಥ ಉದ್ದನೆಯ ಒಂದು ಪುಸ್ತಕ ಮತ್ತು ಒಂದು ಸೀಟಿ.

ಸೀಟಿ ಮಹೇಶ್ ಉಸಿರಿಗೆ. "ಡಾಕ್ಟ್ರು ಶ್ವಾಸಕೋಶಕ್ಕೆ ವ್ಯಾಯಾಮ ಹೇಳಿದಾರೆ ಅಂದ್ಯಲ್ಲಮ್ಮ. ಇದಕ್ಕಿಂತ ಬೇಕಾ?" ಎಂದು ಅದನ್ನು ತಮ್ಮನ ತುಟಿಗಿಟ್ಟರು. ಮೊದಲ ದಿನ ಗಾಳಿ ಮಾತ್ರ ಬಂತು. "ಲೇ ಮಹೇಶ, ಇದೇನು ಸೊಳ್ಳೆ ಹೊಡೀತಿದೀಯಾ? ಊದೋ!" ಎಂಟನೇ ದಿನ ಬೆಳಿಗ್ಗೆ ಏಳಕ್ಕೆ ಸೀಟಿ ಕೂಗಿತು. ಕೆಳಗಿನ ಮನೆಯ ಒಡತಿ ಫ್ರಾವ್, ಅಂದರೆ ಶ್ರೀಮತಿ, ಕೆಲ್ಲರ್ ನೈಟ್‌ಗೌನಿನಲ್ಲೇ ಮೇಲೆ ಬಂದರು. ಇದು ರೈಲ್ವೆ ಸ್ಟೇಷನ್ ಅಲ್ಲ ಎಂದರು. ನಾನು ಕಾರಣ ಹೇಳಿದೆ. ಅವರು ಒಳಗೆ ಇಣುಕಿ, ಮಹೇಶ್‌ರನ್ನು ನೋಡಿ, ಏಳೂವರೆಗೆ ಊದಬಹುದು ಎಂದು ಹೇಳಿ ಇಳಿದು ಹೋದರು.

ಪುಸ್ತಕ ಡ್ರಿಲ್‌ಗೆ. ಇಪ್ಪತ್ತೈದು ವರ್ಷ ಮೈದಾನದಲ್ಲಿ ಮಾಡಿದಂತೆಯೇ ಭಾವ ಗೆರೆ ಹೊಡೆದು ಕಾಲಂ ಮಾಡಿದರು. ಸಮಯ, ಕೆಲಸ, ಎಷ್ಟು ಎಣಿಕೆ, ಮಾಡಿಸಿದವರು ಯಾರು. ಬಲಗಾಲು ಎತ್ತುವುದು, ಹತ್ತು. ಎಡಗೈ ಮಡಿಸುವುದು, ಹತ್ತು. ಸ್ನಾನ. ಮಲಗಿರುವಲ್ಲೇ ಎಲ್ಲಾ. ಹೊರಳಿಸುವುದು. ಹಾಲ್‌ನಲ್ಲಿ ತಮ್ಮನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಅವರೇ ಮಲಗುತ್ತಿದ್ದರು. ಹತ್ತು, ಹನ್ನೆರಡು, ಎರಡು ಗಂಟೆಯದು ಅವರದು. ನಾಲ್ಕು ಗಂಟೆಯದು ನನ್ನದು. ಅಲಾರಾಂ ಇಟ್ಟರೂ ನಾನು ಅದಕ್ಕಿಂತ ಮುಂಚೆಯೇ ಎದ್ದು ಮಹೇಶ್ ಮೂಗಿನ ಮುಂದೆ ಬೆರಳು ಹಿಡಿದು ಕೂತಿರುತ್ತಿದ್ದೆ. ಮೂರು ಜನರೂ ನಿದ್ದೆ ಎಂಬುದನ್ನು ಚೂರು ಚೂರು ಮಾಡಿ ಹಂಚಿಕೊಂಡಿದ್ದೆವು.

ಬಂದವರು ಒಂದು ವಾರದೊಳಗೆ ಊರಿನ ರಾಟ್‌ಹೌಸ್‌ನಲ್ಲಿ, ಅಂದರೆ ನಗರಸಭೆಯಲ್ಲಿ, ಹೆಸರು ಬರೆಸಬೇಕು. ಭಾವನನ್ನು ಕರೆದುಕೊಂಡು ಹೋದೆ. ಫಾರ್ಮಿನಲ್ಲಿ ಬಂದ ಉದ್ದೇಶ ಎಂಬ ಕಾಲಂ. ಎರಡು ಚೌಕ: ಭೇಟಿ, ಆರೈಕೆ. 

"ಏನು ಕೇಳ್ತಿದಾರಮ್ಮ?"

"ಯಾಕೆ ಬಂದಿದೀರಿ ಅಂತ, ಭಾವ."

"ತಮ್ಮನ ಚಾಕರಿ ಮಾಡಕ್ಕೆ ಅಂತ ಬರಿ."

ಬರೆಯಲು ಕೈ ಬರಲಿಲ್ಲ. ಆರೈಕೆ ಮಾಡುವವರು ಎಂಬ ಆ ಜರ್ಮನ್ ಪದ ರಿಹ್ಯಾಬ್‌ನಲ್ಲಿ ಬೆಡ್‌ಪ್ಯಾನ್ ತೆಗೆದುಕೊಂಡು ಹೋಗುವವನ ಎದೆಯ ಚೀಟಿಯ ಮೇಲೆ ಇತ್ತು. ಹಬ್ಬದ ದಿನ ನಾವು ಕಾಲಿಗೆ ನಮಸ್ಕಾರ ಮಾಡುವ ಮನುಷ್ಯ, ಮನೆಯ ಯಜಮಾನ, ಅವರ ಹೆಸರಿನ ಮುಂದೆ ಇದನ್ನು ಹೇಗೆ ಬರೆಯುವುದು? ಸರ್ಕಾರಿ ಕಾಗದದಲ್ಲಿ? ನಾನು ಭೇಟಿ ಎಂಬ ಚೌಕಕ್ಕೆ ಗುರುತು ಹಾಕಿದೆ. ಕೆಳಗೆ ಸಹಿ ಹಾಕಿದೆ. ಭಾವನಿಗೆ "ಬರೆದೆ" ಅಂದೆ.

ಮಾರ್ಚ್ ಮೊದಲ ವಾರ ರಾಟ್‌ಹೌಸ್‌ನಿಂದ ನೋಟಿಸ್. ನಮ್ಮ ಊರಿನಲ್ಲಿ ಮನೆಗೆ ಹಾಕುವ ಕಸದ ಕರ ತಲೆಗಳ ಲೆಕ್ಕದ ಮೇಲೆ. ಇಷ್ಟು ದಿನ ಎರಡು ತಲೆ, ಇನ್ನು ಮೇಲೆ ಮೂರು. ಮೂರನೆಯದರ ಹೆಸರು: ಹೆರ್, ಅಂದರೆ ಶ್ರೀ, ಗಂಗಾಧರಪ್ಪ.

ಮೊತ್ತ ದೊಡ್ಡದೇನಲ್ಲ. ಆದರೆ ನನ್ನ ಮೈ ಉರಿದುಹೋಯಿತು. ಹದಿನಾಲ್ಕು ವಾರ ಮಹೇಶ್ ಆಸ್ಪತ್ರೆಯಲ್ಲಿದ್ದಾಗ ಈ ಮನೆಯಲ್ಲಿದ್ದದ್ದು ನಾನೊಬ್ಬಳೇ. ಆಗಲೂ ಎರಡು ತಲೆಯ ಕರ ಕಟ್ಟಿದ್ದೆ. ಕಡಿಮೆಯಾದಾಗ ಕಾಣದ ಕಣ್ಣಿಗೆ ಹೆಚ್ಚಾದದ್ದು ಕೂಡಲೇ ಕಂಡಿತ್ತು. ಭಾವನಿಗೆ ಈ ಮನೆಯಲ್ಲಿ ಒಂದು ಚಾಪೆ, ಒಂದು ತಟ್ಟೆ. ಅವರು ಹಾಕುವ ಕಸ ಯಾವುದು? ತಮ್ಮನ ಡೈಪರು, ಕೈಗವಸು, ಒರೆಸಿದ ಹತ್ತಿ. ಅದನ್ನು ಕಟ್ಟಿ ಎರಡು ಮಹಡಿ ಇಳಿಸಿ ಡಬ್ಬಕ್ಕೆ ಹಾಕುವವರೂ ಅವರೇ. ವಾರದ ಸರದಿ ನಮ್ಮದಾದಾಗ ಇಡೀ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವವರೂ ಅವರೇ. ಆರೈಕೆಯ ವಿಮೆಗೆ ಅವರು ಯಾರೂ ಅಲ್ಲ. ಕಸದ ಕರಕ್ಕೆ ಮಾತ್ರ ಒಂದು ಪೂರ್ತಿ ತಲೆ.

ನೋಟಿಸನ್ನು ಫ್ರಿಜ್ ಮೇಲೆ ಎಸೆದೆ. ಅದಕ್ಕಿಂತ ದೊಡ್ಡ ಚಿಂತೆ ಇತ್ತು. ಏಪ್ರಿಲ್ ಮಧ್ಯಕ್ಕೆ ಭಾವನ ವೀಸಾ ಮುಗಿಯುತ್ತಿತ್ತು. ಮಹೇಶ್‌ಗೆ ಇನ್ನೂ ಮಗ್ಗುಲು ಬದಲಿಸಲು ಬರುತ್ತಿರಲಿಲ್ಲ. ಭಾವ ಹೋದರೆ ಹೊರಳಿಸುವವರು ಯಾರು? ದುಡ್ಡು ಕೊಟ್ಟು ನರ್ಸ್ ಇಡುವ ಶಕ್ತಿ ನಮಗಿರಲಿಲ್ಲ. ಆಗದಿದ್ದರೆ ನರ್ಸಿಂಗ್ ಹೋಮ್ ಎಂದು ಡಾಕ್ಟರು ಮೆಲ್ಲನೆ ಹೇಳಿದ್ದರು. ಮೂವತ್ತೊಂದು ವರ್ಷದವರಿಗೆ, ಎಂಬತ್ತರ ಮುದುಕರ ನಡುವೆ, ಒಂದು ಮಂಚ.

ವಿದೇಶಿಯರ ಕಚೇರಿಗೆ ಹೋದೆ. ಅಧಿಕಾರಿ ಕಡತ ತೆರೆದರು. ಡಾಕ್ಟರ ಪತ್ರ ಓದಿದರು.

"ನಿಮ್ಮ ಗಂಡನಿಗೆ ಆರೈಕೆ ಬೇಕು ಎಂದು ಇದರಲ್ಲಿದೆ. ಇವರೇ ಆ ಆರೈಕೆ ಮಾಡುತ್ತಾರೆ ಎಂದು ಎಲ್ಲಿದೆ?"

"ನಾನು ಹೇಳುತ್ತಿದ್ದೇನಲ್ಲ."

"ಇವರಿಗೆ ಸಂಬಳ ಕೊಡುತ್ತೀರಾ?"

"ಅಣ್ಣನಿಗೆ ಸಂಬಳವೇ?"

"ಕೊಟ್ಟರೆ ಅದು ಅನುಮತಿಯಿಲ್ಲದ ಕೆಲಸ. ಕೊಡದಿದ್ದರೆ..." ಅವರು ಒಂದು ಹಾಳೆ ತಿರುಗಿಸಿ ನನ್ನ ಕಡೆ ಇಟ್ಟರು. ಊರಿನ ದಾಖಲೆಯ ಪ್ರತಿ. "ಇಲ್ಲಿ ಭೇಟಿ ಎಂದಿದೆ. ಭೇಟಿ ಮುಗಿಯಿತು. ಬೇರೆ ಏನಾದರೂ ಅಧಿಕೃತ ಕಾಗದ ಇದ್ದರೆ ತನ್ನಿ."

ಅಲ್ಲಿಂದ ನೇರ ರಾಟ್‌ಹೌಸ್‌ಗೆ ಬಂದೆ. ಸಂಜೆ ತರಗತಿಯಲ್ಲಿ ಕಲಿತ ಅರ್ಧಂಬರ್ಧ ಜರ್ಮನ್‌ನಲ್ಲಿ ಕೌಂಟರಿನ ಫ್ರಾವ್ ಹೋಲ್ಟ್ಸ್ ಮುಂದೆ ಕೂಗಾಡಿದೆ. ಮನುಷ್ಯ ನನ್ನ ಗಂಡನ ಹೇಲು ಬಾಚುತ್ತಿದ್ದಾನೆ, ನೀವು ಅವನ ತಲೆ ಎಣಿಸುತ್ತಿದ್ದೀರಿ ಎಂದೆ. ಆ ಪದಕ್ಕೆ ಸಭ್ಯ ರೂಪ ನನಗೆ ಗೊತ್ತಿರಲಿಲ್ಲ. ಕ್ಯೂನಲ್ಲಿದ್ದವರೆಲ್ಲ ತಿರುಗಿದರು. ಫ್ರಾವ್ ಹೋಲ್ಟ್ಸ್ ಕನ್ನಡಕ ತೆಗೆದು ಕೆಳಗಿಟ್ಟರು. ಒಳಗಿನಿಂದ ಊರಿನ ನಿಯಮಗಳ ಪುಸ್ತಕ ತಂದು ಒಂದು ಸಾಲಿನ ಮೇಲೆ ಬೆರಳಿಟ್ಟರು. ರೋಗಿಯ ಆರೈಕೆಗೆಂದೇ ಮನೆಯಲ್ಲಿ ಉಳಿದ, ಕೂಲಿ ಪಡೆಯದ, ಗಂಡ ಅಥವಾ ಹೆಂಡತಿಯಲ್ಲದ ವ್ಯಕ್ತಿಯನ್ನು ಕರಕ್ಕೆ ಎಣಿಸತಕ್ಕದ್ದಲ್ಲ.

"ಹಾಗಿದ್ದರೆ ಯಾಕೆ ಎಣಿಸಿದಿರಿ?"

"ನೀವು ಭೇಟಿ ಎಂದು ಬರೆದಿರಿ. ಆರು ವಾರ ದಾಟಿದ ಭೇಟಿ ನಮಗೆ ವಾಸ." ಅವರು ಫಾರ್ಮ್ ತೆಗೆದು ತೋರಿಸಿದರು. "ಇದು ನಿಮ್ಮ ಸಹಿ ತಾನೇ?"

ನನ್ನ ಸಹಿಯೇ.

ಅಷ್ಟು ಹೊತ್ತು ಎಲ್ಲರ ಮೇಲಿದ್ದ ಸಿಟ್ಟು ಒಮ್ಮೆಲೇ ತಿರುಗಿ ನನ್ನ ಎದೆಗೇ ಬಂದು ಕೂತಿತು. ಎರಡು ಚೌಕದಲ್ಲಿ ಒಂದು. ಮರ್ಯಾದೆ ಎಂದುಕೊಂಡು ಹಾಕಿದ ಒಂದು ಗುರುತು ಭಾವನನ್ನು ವಾಪಸ್ ಕಳಿಸಲಿತ್ತು, ಮಹೇಶ್‌ರನ್ನು ಆ ಮಂಚಕ್ಕೆ.

ಆಕ್ಷೇಪಣೆಗೆ ಒಂದು ತಿಂಗಳ ಕಾಲಾವಕಾಶ, ಅದರಲ್ಲಿ ಹನ್ನೊಂದು ದಿನ ಉಳಿದಿದೆ, ಅವರು ಏನೇನು ಮಾಡುತ್ತಾರೆ ಎಂಬುದಕ್ಕೆ ದಾಖಲೆ ಕೊಡಿ ಎಂದರು ಫ್ರಾವ್ ಹೋಲ್ಟ್ಸ್. ಹೊರಡುವಾಗ ನಾನು ಕೇಳಿದೆ: "ಮತ್ತೆ ನಾನು? ನಾನು ಮಾಡುವುದು?"

"ನೀವು ಹೆಂಡತಿ. ನಿಮ್ಮನ್ನು ಆಗಲೇ ಎಣಿಸಿಯಾಗಿದೆ."

ಮನೆಗೆ ಬಂದಾಗ ಭಾವ ಮಹೇಶ್ ಉಗುರು ಕತ್ತರಿಸುತ್ತಿದ್ದರು. ಎಲ್ಲಾ ಹೇಳಿದೆ. ಚಪ್ಪಲಿಯನ್ನೂ ಬಿಡದೆ, ಬಾಗಿಲ ಹತ್ತಿರ ನಿಂತೇ ಹೇಳಿದೆ. ತಲೆ ಎತ್ತಲು ಧೈರ್ಯವಿರಲಿಲ್ಲ.

"ಅವತ್ತು ಬರೆದೆ ಅಂದ್ಯಲ್ಲಮ್ಮ?"

"ತಪ್ಪಾಯ್ತು ಭಾವ. ನಿಮ್ಮನ್ನ ಆಳಿನ ಹಾಗೆ ಬರೆಯೋಕೆ ಮನಸ್ಸು ಬರಲಿಲ್ಲ."

ಭಾವ ಉಗುರು ಕತ್ತರಿಸುವುದನ್ನು ಮುಗಿಸಿದರು. ಕಿರುಬೆರಳು ಬಾಕಿ ಇತ್ತು. ಆಮೇಲೆ ಹೇಳಿದರು: "ಸ್ಕೂಲಲ್ಲಿ ಹುಡುಗ್ರು ಬಿದ್ದು ಮಂಡಿ ಕಿತ್ಕೊಂಡ್ರೆ ತೊಳೆದೋನು ನಾನು. ಇವನು ಎಂಟು ವರ್ಷದವನಿದ್ದಾಗ ಟೈಫಾಯ್ಡ್ ಬಂದು ಹಾಸಿಗೇಲೇ ಎಲ್ಲಾ ಮಾಡ್ಕೊಂಡಾಗ ತೆಗೆದೋನೂ ನಾನೇ. ಮಾಡೋಕೆ ನನಗಿಲ್ಲದ ನಾಚಿಕೆ ಬರೆಯೋಕೆ ನಿನಗ್ಯಾಕಮ್ಮ?"

"ಅವಳನ್ನ ಬಯ್ಬೇಡ ಅಣ್ಣ" ಎಂದರು ಮಹೇಶ್. ದನಿ ಇನ್ನೂ ತೆಳ್ಳಗಿತ್ತು. "ನಾನಾಗಿದ್ರೂ ಅದನ್ನೇ ಬರೀತಿದ್ದೆ."

"ನೀನು ಮೊದಲು ಪೆನ್ ಹಿಡಿಯೋದು ಕಲಿ. ಆಮೇಲೆ ಬರಿಯೋವಂತೆ" ಎಂದು ಭಾವ ಅವರ ತಲೆಗೆ ಮೆಲ್ಲಗೆ ಮೊಟಕಿದರು. ಎದ್ದು ಹೋಗಿ ಉದ್ದನೆಯ ಪುಸ್ತಕ ತಂದು ನನ್ನ ಮುಂದಿಟ್ಟರು. "ದಾಖಲೆ ಅಂದ್ರಲ್ಲ. ತಗೋ."

ಒಂದು ದಿನವೂ ತಪ್ಪಿರಲಿಲ್ಲ. ಬಂದ ಮಾರನೆಯ ದಿನದಿಂದ ಆವತ್ತಿನ ಬೆಳಗಿನವರೆಗೆ. ಇನ್ಸ್‌ಪೆಕ್ಟರು ಬಂದರೆ ತೋರಿಸುವಂಥ ದುಂಡು ಅಕ್ಷರ. ನಾನು ಮೂರು ದಿನ ಕೂತು ಜರ್ಮನ್‌ಗೆ ಇಳಿಸಿದೆ. ಕೊನೆಯ ಕಾಲಂನಲ್ಲಿ ಮಾಡಿಸಿದವರ ಹೆಸರು. ಅಲ್ಲಲ್ಲಿ ನನ್ನ ಹೆಸರೂ ಇತ್ತು: ನಾಲ್ಕು ಗಂಟೆಗೆ ಸುಮಾ, ಊಟ ಮಾಡಿಸಿದ್ದು ಸುಮಾ. ಆ ಸಾಲುಗಳನ್ನು ಬಿಟ್ಟು ಮುಂದೆ ಹೋದೆ. ಅವು ರಾಟ್‌ಹೌಸ್‌ಗೆ ಬೇಕಾಗಿರಲಿಲ್ಲ. ಸಾಲು ಬಿಡುವಾಗೆಲ್ಲ ಪೆನ್ನು ಅಲ್ಲೊಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತಿತ್ತು, ಯಾಕೆ ಎಂದು ಕೇಳಿಕೊಳ್ಳಲು ಪುರುಸೊತ್ತಿರಲಿಲ್ಲ.

ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ನೋಡಿ ಸಹಿ ಹಾಕಿದ. ಡಾಕ್ಟರು ಸೀಲ್ ಹಾಕಿದರು. ಸಾಕ್ಷಿಗೆ ಅಕ್ಕಪಕ್ಕದವರು ಯಾರಾದರೂ ಬೇಕು ಎಂದಾಗ ನಾನು ಅಳುಕುತ್ತಲೇ ಕೆಳಗಿಳಿದೆ. ಫ್ರಾವ್ ಕೆಲ್ಲರ್ ಬರೆದುಕೊಟ್ಟದ್ದು ಎರಡೇ ಸಾಲು. ಈ ಮನುಷ್ಯ ಪ್ರತಿದಿನ ಬೆಳಿಗ್ಗೆ ಏಳೂವರೆಗೆ ತಮ್ಮನಿಂದ ಸೀಟಿ ಊದಿಸುತ್ತಾನೆ, ನಾನು ಪ್ರತಿದಿನ ಕೇಳಿಸಿಕೊಳ್ಳುತ್ತೇನೆ. ಮೆಟ್ಟಿಲನ್ನು ಮೂಲೆಯವರೆಗೂ ಒರೆಸುತ್ತಾನೆ, ಈ ಕಟ್ಟಡದಲ್ಲಿ ಬೇರೆ ಯಾರೂ ಒರೆಸುವುದಿಲ್ಲ.

ಹನ್ನೊಂದನೇ ದಿನಕ್ಕೆ ಮುಂಚೆ ಕೊಟ್ಟೆ. ಆಮೇಲೆ ಕಾಯುವುದು. ಭಾವ ಸೂಟ್‌ಕೇಸ್ ಇಳಿಸಿ ಗೋಡೆಗೆ ಒರಗಿಸಿಟ್ಟಿದ್ದರು. ಹೋಗುವ ದಿನ ಬಂದರೆ ಗಡಿಬಿಡಿ ಆಗಬಾರದು ಎಂದು. ಮಹೇಶ್ ಅದನ್ನು ನೋಡಲಾಗದೆ ಮಗ್ಗುಲು ತಿರುಗಲು ಯತ್ನಿಸುತ್ತಿದ್ದರು. ಕತ್ತು ಮಾತ್ರ ತಿರುಗುತ್ತಿತ್ತು.

ವೀಸಾ ಮುಗಿಯಲು ಆರು ದಿನ ಇರುವಾಗ ಲಕೋಟೆ ಬಂತು. ಆಕ್ಷೇಪಣೆ ಒಪ್ಪಲಾಗಿದೆ. ಹೆರ್ ಗಂಗಾಧರಪ್ಪ ಅವರು ರೋಗಿಯ ಆರೈಕೆದಾರರು ಎಂದು ಪರಿಗಣಿಸಿ ಅವರನ್ನು ಎಣಿಕೆಯಿಂದ ಬಿಡಲಾಗಿದೆ, ಏಪ್ರಿಲ್‌ನಿಂದ ಮುಂದಕ್ಕೆ. ಹಿಂದಿನ ತಿಂಗಳುಗಳದ್ದು ಕಟ್ಟತಕ್ಕದ್ದು. ಯಾಕೆ ಕಟ್ಟತಕ್ಕದ್ದು? ಜನವರಿಯಲ್ಲಿ ಅವರೇನು ಪ್ರವಾಸಕ್ಕೆ ಬಂದಿದ್ದರೇ? ಇವತ್ತಿಗೂ ನನಗೆ ಅದು ಅರಗಿಲ್ಲ. ಕಟ್ಟಿದೆ. ಹಲ್ಲು ಕಚ್ಚಿ ಕಟ್ಟಿದೆ.

ಆದರೆ ಅದೇ ಕಾಗದವನ್ನು ಹಿಡಿದು ವಿದೇಶಿಯರ ಕಚೇರಿಗೆ ಹೋದೆ. ನಾನು ಹೇಳಿದ್ದು, ಡಾಕ್ಟರು ಹೇಳಿದ್ದು, ಹಾಸಿಗೆಯಲ್ಲಿ ಬಿದ್ದ ಮನುಷ್ಯನ ಫೋಟೋ, ಯಾವುದೂ ಮಾಡದ ಕೆಲಸವನ್ನು ಕಸದ ಕರದ ಒಂದು ಹಾಳೆ ಮಾಡಿತು. ಅಧಿಕಾರಿ ಸೀಲನ್ನು ನೋಡಿದರು, ಓದಿದರು, "ಇದು ಸರಿ" ಎಂದರು. ಇನ್ನು ಮೂರು ತಿಂಗಳು. ಧನ್ಯವಾದ ಹೇಳಿದೆ. ಹೇಳುವಾಗಲೂ ಒಳಗೆ ಕುದಿಯುತ್ತಿತ್ತು. ಮನುಷ್ಯ ಕಣ್ಣೆದುರೇ ನಿಂತಿದ್ದಾನೆ, ಹೊರಳಿಸಿ ಹೊರಳಿಸಿ ಅವನ ಅಂಗೈ ಗಟ್ಟಿಯಾಗಿದೆ, ಅದು ಸಾಲದೆ ಅವನು ಲೆಕ್ಕಕ್ಕಿಲ್ಲ ಎಂದು ಬರೆದ ಕಾಗದದಿಂದಲೇ ಅವನಿದ್ದಾನೆ ಎಂದು ಸಾಬೀತಾಗಬೇಕಾಯಿತು.

ಭಾವ ಸೂಟ್‌ಕೇಸನ್ನು ಮತ್ತೆ ಕಪಾಟಿನ ಮೇಲೆ ಹಾಕಿದರು. "ಸರಿ. ಎಡಗೈ, ಹತ್ತು. ನಡಿ" ಎಂದರು.

ಮೇ ತಿಂಗಳು. ಮಹೇಶ್ ಚಮಚ ಹಿಡಿದರು. ಗೋಡೆ ಹಿಡಿದು ನಾಲ್ಕು ಎಣಿಸುವಷ್ಟು ನಿಂತರು. ಸೀಟಿ ಈಗ ಎರಡು ಮಹಡಿ ಕೆಳಗೂ ಕೇಳುತ್ತಿತ್ತು. ಹೊರಳುವುದು ಮಾತ್ರ ಬಂದಿರಲಿಲ್ಲ. ಸೊಂಟ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು.

ಒಂದು ಶನಿವಾರ ನನಗೆ ಎಚ್ಚರವಾದಾಗ ಕೋಣೆಯಲ್ಲಿ ಬಿಸಿಲಿತ್ತು.

ಏಳು ಗಂಟೆ ಹತ್ತು ನಿಮಿಷ. ನಾಲ್ಕರ ಅಲಾರಾಂ ನನಗೆ ಕೇಳಿಸಿಯೇ ಇರಲಿಲ್ಲ. ಮನೆಯಲ್ಲಿ ಒಂದೂ ಸದ್ದಿಲ್ಲ. ಬರಿಗಾಲಲ್ಲಿ ಓಡಿದೆ. ಕೊಡವಿದ ದಿಂಬು, ಮೂಗಿನಿಂದ ಬಂದ ಸಾರು, ಬೆಳಿಗ್ಗೆ ಏಳುತ್ತಿದ್ದರು ಎಂದು ಹೇಳಲಾರೆ ಎಂದ ದನಿ, ಎಲ್ಲವೂ ಆ ಎಂಟು ಹೆಜ್ಜೆಯಲ್ಲಿ ಒಟ್ಟಿಗೆ ಬಂದವು.

ಚಾಪೆಯ ಮೇಲೆ ಭಾವ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಮಂಚದ ಮೇಲೆ ಮಹೇಶ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹತ್ತು ಗಂಟೆ ಸರದಿಯಲ್ಲಿ ಭಾವ ಅವರನ್ನು ಬಾಗಿಲ ಕಡೆಗೆ ಮುಖ ಮಾಡಿ ಮಲಗಿಸಿದ್ದರು. ಮೂಗಿನ ಮುಂದೆ ಬೆರಳಿಟ್ಟೆ. ಬೆಚ್ಚಗಿತ್ತು.

"ಕೈ ತೆಗಿ. ಕಚಗುಳಿ ಆಗುತ್ತೆ" ಎಂದರು ಮಹೇಶ್, ಕಣ್ಣು ಬಿಡದೆಯೇ. "ನಾನೇ ತಿರುಗಿದೆ. ಮೂರು ಸಲ."

ಭಾವ ದಡಬಡಿಸಿ ಎದ್ದರು. ಗಡಿಯಾರ ನೋಡಿದರು, ತಮ್ಮನನ್ನು ನೋಡಿದರು, ಗೋಡೆಯನ್ನು ನೋಡಿದರು.  ಪಂಚೆ ಬಿಗಿಮಾಡಿಕೊಂಡು, ಪುಸ್ತಕ ಎಳೆದುಕೊಂಡು, ಚಾಪೆಯ ಮೇಲೇ ಕೂತು ರಾತ್ರಿಯ ಸಾಲುಗಳನ್ನು ಬರೆಯತೊಡಗಿದರು. ಹನ್ನೆರಡು, ಗಂಗಾಧರಪ್ಪ. ಎರಡು, ಗಂಗಾಧರಪ್ಪ. ನಾಲ್ಕು, ಸುಮಾ.

"ಇಬ್ಬರಿಗೂ ಗೈರುಹಾಜರಿ ಹಾಕಿ ಭಾವ" ಎಂದೆ. ಕಣ್ಣೀರು ಸುರಿಯುತ್ತಿತ್ತು.

"ಗೈರು ಯಾಕಮ್ಮ? ಹುಡುಗ ತಾನೇ ಪಾಠ ಒಪ್ಪಿಸಿದಾನೆ" ಎಂದು, ಮೂರು ಸಾಲಿನ ಮುಂದೆಯೂ ಒಂದೇ ಪದ ಬರೆದು ಪುಸ್ತಕ ಮುಚ್ಚಿದರು.

ರಜೆ.